ಹಾಟ್ ಸ್ಪೇಸ್: ಮೂರು ಹಾಡು ಜರುಗಿಸಿದರೆ ಸಾಕು

ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ಅಭಿಮಾನಿಗಳಲ್ಲಿ ನಲವತ್ತು ವರ್ಷದಿಂದ ನಡೆದುಬಂದ ಒಂದು ಆಟವಿದೆ. 1982ರ ಮೇ ತಿಂಗಳಲ್ಲಿ ಬಂದ ‘ಹಾಟ್ ಸ್ಪೇಸ್’ ಆಲ್ಬಮ್ಮಿನ ಹನ್ನೊಂದು ಹಾಡುಗಳನ್ನು ಬಿಡಿಸಿ ಮುಂದೆ ಹರಡಿಕೊಳ್ಳುವುದು. ಒಂದೆರಡನ್ನು ಎತ್ತಿ ಹೊರಗಿಡುವುದು. ಬೇರೆಲ್ಲೋ ಬಿದ್ದಿದ್ದ ಇನ್ನೊಂದನ್ನು ಒಳಗೆ ತರುವುದು. ಉಳಿದವನ್ನು ತಮಗೆ ಸರಿಕಂಡ ಹಾಗೆ ಕೂರಿಸಿ, ಇದು ಹೀಗೆ ಬಂದಿದ್ದರೆ ಯಾರೂ ಬೈಯುತ್ತಿರಲಿಲ್ಲ ಎಂದು ವಾದಕ್ಕಿಳಿಯುವುದು.

ಬೇರೆ ತಂಡಗಳ ಸುತ್ತಲೂ ಇಂಥ ಆಟ ಉಂಟು. ಬೀಟಲ್ಸ್‌ನವರ 1968ರ ಬಿಳಿ ಹೊದಿಕೆಯ ಜೋಡಿ ಎಲ್‌ಪಿಯನ್ನು (ಎರಡು ಸೈಡಿನಲ್ಲೂ ಹಾಡಿರುವ ದೊಡ್ಡ ತಟ್ಟೆ) ಒಂದೇ ತಟ್ಟೆಗೆ ಇಳಿಸುವ ಪಂದ್ಯ ಎಲ್ಲರಿಗೂ ಗೊತ್ತಿರುವಂಥದ್ದು. ಅದು ಒಳ್ಳೆಯದು ಅತಿಯಾಗಿ ಹುಟ್ಟಿದ ಸಮಸ್ಯೆ. ‘ಹಾಟ್ ಸ್ಪೇಸ್’ ಆಟದ ಹಿಂದೆ ಇರುವುದು ಬೇಸರ. ಹಾಗಾಗಿ ಇಲ್ಲಿಯ ಪ್ರಶ್ನೆಯೂ ಸ್ವಲ್ಪ ಖಾರ: ಹಾಡುಗಳು ಅವೇ, ಧ್ವನಿಮುದ್ರಣವೂ ಅದೇ, ಬರೀ ಜಾಗ ಬದಲಿಸಿದರೆ ಆಲ್ಬಂ ಸುಧಾರಿಸುತ್ತದೆಯೇ?

ಸುಧಾರಿಸುತ್ತದೆ ಎಂದೇ ನನ್ನ ಲೆಕ್ಕ. ಆದರೆ ಅದಕ್ಕೆ ಅಭಿಮಾನಿಗಳು ಮಾಡುವಷ್ಟು ಕೊಯ್ದು ಹೊಲಿಯುವ ಕೆಲಸ ಬೇಕಿಲ್ಲ. ಮೂರು ಹಾಡುಗಳನ್ನು ಒಟ್ಟಿಗೆ ಜರುಗಿಸಿ, ಇನ್ನೆರಡನ್ನು ಅದಲುಬದಲು ಮಾಡಿದರೆ ಸಾಕು. ಯಾಕೆ ಅಷ್ಟೇ ಸಾಕು, ಅಷ್ಟಾದ ಮೇಲೂ ಏನು ಸರಿಹೋಗುವುದಿಲ್ಲ ಎಂಬುದೇ ಈ ಪ್ರಕರಣ.

ನಿರಾಸೆ ಎಷ್ಟರ ಮಟ್ಟಿನದು

ಎರಡು ವರ್ಷ ಹಿಂದೆ, 1980ರಲ್ಲಿ, ತಂಡದ ‘ದಿ ಗೇಮ್’ ಆಲ್ಬಂ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮಾರಾಟದ ಪಟ್ಟಿಯ ಒಂದನೇ ಸ್ಥಾನಕ್ಕೇರಿತ್ತು. ಆ ಆಲ್ಬಮ್ಮಿನ ಎರಡು ಹಾಡುಗಳು ಅಮೆರಿಕದ ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡುಗಳ, ಪಟ್ಟಿಯಲ್ಲೂ ತುದಿ ಮುಟ್ಟಿದವು. ಎರಡನೆಯದು ‘ಅನದರ್ ಒನ್ ಬೈಟ್ಸ್ ದ ಡಸ್ಟ್’. ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಜಾನ್ ಡೀಕನ್ ಬರೆದದ್ದು, ಬೇಸಿನ ಮೇಲೇ ನಿಂತದ್ದು, ರಾಕ್ ತಂಡವೊಂದು ನೃತ್ಯದ ಕ್ಲಬ್ಬುಗಳಿಗೂ ಕರಿಯರ ರೇಡಿಯೋ ಸ್ಟೇಷನ್ನುಗಳಿಗೂ ದಾಟಿಹೋದದ್ದು. ಒಂದು ಹಾಡು ತೆರೆದ ಬಾಗಿಲಲ್ಲಿ ಇಡೀ ತಂಡವೇ ನುಗ್ಗಲು ಹೊರಟದ್ದರ ಫಲ ‘ಹಾಟ್ ಸ್ಪೇಸ್’.

ಅದು ಬ್ರಿಟನ್ನಿನಲ್ಲಿ 4ನೇ ಸ್ಥಾನಕ್ಕೆ ಬಂತು, ಅಮೆರಿಕದಲ್ಲಿ 22ರಲ್ಲೇ ನಿಂತಿತು. ಬೇರೆ ಯಾವ ತಂಡಕ್ಕಾದರೂ ಹಬ್ಬವಾಗುವ ಅಂಕಿಗಳು. ಕ್ವೀನ್‌ಗೆ ಮಾತ್ರ ಇದು ಇಳಿಜಾರು. ‘ಬ್ಯಾಕ್ ಚಾಟ್’ ಸಿಂಗಲ್ ಬ್ರಿಟನ್ನಿನಲ್ಲಿ 40ರಲ್ಲಿ, ‘ಕಾಲಿಂಗ್ ಆಲ್ ಗರ್ಲ್ಸ್’ ಅಮೆರಿಕದಲ್ಲಿ 60ರಲ್ಲಿ ಸುಸ್ತಾಗಿ ಕೂತವು. ಆ ವರ್ಷದ ಅಮೆರಿಕ ಪ್ರವಾಸವೇ ಗಾಯಕ ಫ್ರೆಡಿ ಮರ್ಕ್ಯುರಿ ಇದ್ದ ಕ್ವೀನ್‌ನ ಕೊನೆಯ ಅಮೆರಿಕ ಪ್ರವಾಸವೂ ಆಯಿತು.

ಎಲ್ಲ ತಪ್ಪನ್ನೂ ತಂಡದ ತಲೆಗೆ ಕಟ್ಟುವಂತಿಲ್ಲ. 1979ರ ಜುಲೈಯಲ್ಲಿ ಶಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿ ಸಂಭ್ರಮಿಸಿದ್ದರು. ಆ ದ್ವೇಷದಲ್ಲಿ ಸಂಗೀತದ ಅಭಿರುಚಿಯ ಪಾಲೆಷ್ಟೋ, ಕರಿಯರ ಮತ್ತು ಸಲಿಂಗಿಗಳ ಕ್ಲಬ್ಬುಗಳ ಬಗೆಗಿದ್ದ ತಾತ್ಸಾರದ ಪಾಲೂ ಅಷ್ಟೇ. ಗಿಡ್ಡ ಕೂದಲು, ದಪ್ಪ ಮೀಸೆಯ ಹೊಸ ವೇಷದ ಮರ್ಕ್ಯುರಿ ಅಂಥ ಶ್ರೋತೃಗಳ ಮುಂದೆ ‘ಬಾಡಿ ಲ್ಯಾಂಗ್ವೇಜ್’ ಹಾಡನ್ನು ಇಟ್ಟ. ಆಲ್ಬಮ್ಮಿಗಿಂತ ತುಸು ಮುಂಚೆ, ಏಪ್ರಿಲ್‌ನಲ್ಲಿ, ಬಂದ ಸಿಂಗಲ್ ಅದೇ. ಹೊಸ ಆಲ್ಬಂ ಹೇಗಿರಬಹುದೆಂದು ಜನ ಊಹಿಸಿಕೊಂಡದ್ದು ಆ ಹಾಡಿನಿಂದ. ವಿಚಿತ್ರವೆಂದರೆ ಅಭಿಮಾನಿಗಳು ಮೊದಲು ಕಿತ್ತೆಸೆಯುವ ಈ ಹಾಡು ಅಮೆರಿಕದಲ್ಲಿ 11ನೇ ಸ್ಥಾನಕ್ಕೇರಿತ್ತು. ತಂಡದ ತವರಾದ ಬ್ರಿಟನ್ನಿನಲ್ಲೇ 25ಕ್ಕೆ ನಿಂತಿತ್ತು. ಯಾರಿಗೂ ಬೇಡವಾಗಿತ್ತು ಎನ್ನುವುದು ಆಮೇಲೆ ಕಟ್ಟಿದ ಕತೆ.

ತಟ್ಟೆಯ ಮೇಲೆ ಇರುವುದೇನು

ಮೊದಲ ಸೈಡಿನಲ್ಲಿ ಐದು ಹಾಡು: ಸ್ಟೇಯಿಂಗ್ ಪವರ್, ಡ್ಯಾನ್ಸರ್, ಬ್ಯಾಕ್ ಚಾಟ್, ಬಾಡಿ ಲ್ಯಾಂಗ್ವೇಜ್, ಆಕ್ಷನ್ ದಿಸ್ ಡೇ. ಎರಡನೇ ಸೈಡಿನಲ್ಲಿ ಆರು: ಪುಟ್ ಔಟ್ ದ ಫೈರ್, ಲೈಫ್ ಈಸ್ ರಿಯಲ್, ಕಾಲಿಂಗ್ ಆಲ್ ಗರ್ಲ್ಸ್, ಲಾಸ್ ಪಲಾಬ್ರಾಸ್ ದೆ ಅಮೋರ್, ಕೂಲ್ ಕ್ಯಾಟ್, ಅಂಡರ್ ಪ್ರೆಷರ್. ಎಲ್ಲ ಸೇರಿ 43 ನಿಮಿಷ ಚಿಲ್ಲರೆ.

ಈ ಎರಡು ಸಾಲುಗಳನ್ನು ಕೇಳಿದವರಿಗೆ ರೋಗ ತಕ್ಷಣ ಕಾಣುತ್ತದೆ. ಮೊದಲ ಸೈಡ್ ಪೂರ್ತಿ ಕುಣಿತ: ಸಿಂಥಸೈಜರ್ ಬೇಸ್, ಡ್ರಮ್ ಮಷೀನಿನ ಒಣ ಹೊಡೆತ, ಮೂಲೆ ಸೇರಿದ ಗಿಟಾರ್. ‘ಸ್ಟೇಯಿಂಗ್ ಪವರ್’ನಲ್ಲಿ ಬೇಸ್ ಗಿಟಾರೇ ಇಲ್ಲ, ಡೀಕನ್ ಅಲ್ಲಿ ಗಿಟಾರ್ ಹಿಡಿದಿದ್ದಾನೆ, ತುತ್ತೂರಿಗಳನ್ನು ವಾದ್ಯಸಂಯೋಜಕ ಆರಿಫ್ ಮಾರ್ಡಿನ್ ಜೋಡಿಸಿದ್ದಾನೆ. ಎಪ್ಪತ್ತರ ದಶಕದ ಹೊದಿಕೆಗಳ ಮೇಲೆ ಸಿಂಥಸೈಜರ್ ಬಳಸಿಲ್ಲವೆಂದು ಹೆಮ್ಮೆಯಿಂದ ಅಚ್ಚುಹಾಕಿಸುತ್ತಿದ್ದ ತಂಡವಿದು! ಎರಡನೇ ಸೈಡಿಗೆ ಬಂದರೆ ಹಳೆಯ ಕ್ವೀನ್ ಏನೂ ಆಗಿಲ್ಲವೆಂಬಂತೆ ಹಾಜರು. ಬ್ರಯಾನ್ ಮೇಯ ಗಿಟಾರ್ ಗುಡುಗುತ್ತದೆ, ಮರ್ಕ್ಯುರಿ ಪಿಯಾನೋ ಮುಂದೆ ಕೂರುತ್ತಾನೆ, ಕೋರಸ್ ತುಂಬಿ ಬರುತ್ತದೆ.

ಮರ್ಕ್ಯುರಿ, ಡೀಕನ್ ಸೇರಿ ಉಳಿದಿಬ್ಬರ ಮೇಲೆ ಫಂಕ್, ಅಂದರೆ ಬೇಸಿನ ಮೇಲೆ ನಿಂತ ಕುಣಿತದ ಸಂಗೀತ, ಹೇರಿದರು ಎನ್ನುವ ಮಾತು ಅಭಿಮಾನಿಗಳ ಬಾಯಲ್ಲಿ ವೇದವಾಕ್ಯದ ಹಾಗೆ ಓಡಾಡುತ್ತದೆ. ಹಾಡು ಬರೆದವರ ಹೆಸರು ನೋಡಿದರೆ ಅಷ್ಟು ಸರಳವಾಗಿ ಕಾಣುವುದಿಲ್ಲ. ಮೊದಲ ಸೈಡಿನ ‘ಡ್ಯಾನ್ಸರ್’ ಮೇಯದೇ. ‘ಆಕ್ಷನ್ ದಿಸ್ ಡೇ’ ಡ್ರಮ್ಮರ್ ರೋಜರ್ ಟೇಲರ್‌ನದು. ಆ ಕಡೆ ಎರಡನೇ ಸೈಡಿನ ಅತ್ಯಂತ ಹಳೆಯ ರೀತಿಯ ಹಾಡುಗಳಲ್ಲೊಂದಾದ ‘ಲೈಫ್ ಈಸ್ ರಿಯಲ್’ ಮರ್ಕ್ಯುರಿಯದು. ಜಗಳ ಇದ್ದದ್ದು ನಿಜ. ‘ಬ್ಯಾಕ್ ಚಾಟ್’ನಲ್ಲಿ ಗಿಟಾರ್ ಇರಬೇಕೋ ಬೇಡವೋ ಎಂದು ಡೀಕನ್, ಮೇ ನಡುವೆ ಜಟಾಪಟಿಯೇ ಆಗಿತ್ತು. ಆದರೆ ಡೀಕನ್ ಹೊರತು ಉಳಿದ ಮೂವರೂ ಎರಡೂ ಬಗೆಯ ಹಾಡಿಗೆ ಕೈಹಾಕಿದ್ದರು. ಎರಡು ಬಣವಾಗಿ ಒಡೆದು ಕಾಣಿಸುವಂತೆ ಮಾಡಿದ್ದು ಹಾಡುಗಳನ್ನು ಪೇರಿಸಿದ ರೀತಿ. ಹೊದಿಕೆಯ ಚಿತ್ರವೂ ಅದಕ್ಕೆ ಸಾಕ್ಷಿ ಹೇಳುವ ಹಾಗಿದೆ: ನಾಲ್ಕು ಬಣ್ಣದ ನಾಲ್ಕು ಚೌಕ, ಒಂದೊಂದರಲ್ಲಿ ಒಂದೊಂದು ಮುಖದ ಗೆರೆ.

ಕಚೇರಿ ಕೇಳುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು ರೂಢಿಗೆ ತಂದ ಪದ್ಧತಿಯಲ್ಲಿ ವರ್ಣದಿಂದ ಮಂಗಳದವರೆಗೆ ಪ್ರತಿಯೊಂದಕ್ಕೂ ಜಾಗವಿದೆ. ಒಂದೇ ಕಾಲಪ್ರಮಾಣದ, ಒಂದೇ ತಾಳದ ಕೃತಿಗಳನ್ನು ಸಾಲಾಗಿ ಹಾಡಿ ಕೇಳುಗರನ್ನು ದಣಿಸುವುದಿಲ್ಲ. ‘ಹಾಟ್ ಸ್ಪೇಸ್’ನ ಮೊದಲ 20 ನಿಮಿಷದಲ್ಲಿ ಆಗುವುದು ಆ ದಣಿವೇ. ‘ಬ್ಯಾಕ್ ಚಾಟ್’ ಬಿಡಿಯಾಗಿ ಕೇಳಿದರೆ ಚುರುಕಾದ, ಹಟಮಾರಿ ಹಾಡು. ಅದೇ ಹಾಡು ‘ಸ್ಟೇಯಿಂಗ್ ಪವರ್’, ‘ಡ್ಯಾನ್ಸರ್’ ಆದ ಮೇಲೆ ಬಂದಾಗ ಕಿವಿ ಅರ್ಧ ಮುಚ್ಚಿರುತ್ತದೆ. ನಾಲ್ಕನೆಯದಾಗಿ ‘ಬಾಡಿ ಲ್ಯಾಂಗ್ವೇಜ್’ ಬರುವ ಹೊತ್ತಿಗೆ ಪೂರ್ತಿ ಮುಚ್ಚುತ್ತದೆ.

ಸೈಡು ಮಾಯವಾದ ಮೇಲೆ

ಎಲ್‌ಪಿ ಕೊಂಡವನ ಕೈಯಲ್ಲಿ ಒಂದು ಮದ್ದಿತ್ತು: ತಟ್ಟೆಯನ್ನು ತಿರುವಿ ಎರಡನೇ ಸೈಡನ್ನೇ ಮೊದಲು ಹಾಕುವುದು. ಹಾಗೆ ಹಾಕಿದರೆ ಗಿಟಾರಿನ ಹಾಡಿನಿಂದ ಶುರುವಾಗಿ, ‘ಅಂಡರ್ ಪ್ರೆಷರ್’ ಇಡೀ ಕೇಳುವಿಕೆಯ ನಡುವೆ ಬಂದು, ಆಮೇಲೆ ಇಷ್ಟವಿದ್ದರೆ ಕುಣಿತ. ಒಂದು ಸೈಡ್ ರಾಕ್, ಒಂದು ಸೈಡ್ ಫಂಕ್ ಎಂದು ಹಂಚಿದ್ದು ಎಲ್‌ಪಿಯ ಕಾಲದಲ್ಲಿ ಅಷ್ಟೇನೂ ದಡ್ಡತನವಲ್ಲ. ಬೇಕಾದವರಿಗೆ ಬೇಕಾದ ಸೈಡ್.

ಕ್ಯಾಸೆಟ್ಟಿಗೆ ಇಳಿಸಿಕೊಂಡವರಿಗೆ ಅದು ಮೊದಲು ತಪ್ಪಿತು. 90 ನಿಮಿಷದ ಖಾಲಿ ಕ್ಯಾಸೆಟ್ಟಿನ ಒಂದು ಸೈಡಿನಲ್ಲಿ 45 ನಿಮಿಷ ಹಿಡಿಯುತ್ತದೆ. ಈ ಆಲ್ಬಂ ಇಡಿಯಾಗಿ ಅದರೊಳಗೆ ಕೂರುತ್ತದೆ, ನಡುವೆ ತಿರುವುವ ಮಾತೇ ಇಲ್ಲ. ಸಿಡಿ ಬಂದಾಗ ಹನ್ನೊಂದು ಹಾಡು ಒಂದೇ ಸಾಲಾಯಿತು. ಈಗಿನ ಆ್ಯಪುಗಳಲ್ಲೂ ಅದೇ ಸಾಲು. ಹೊಸಬ ಯಾರೇ ‘ಹಾಟ್ ಸ್ಪೇಸ್’ ಒತ್ತಲಿ, ‘ಸ್ಟೇಯಿಂಗ್ ಪವರ್’ನಿಂದಲೇ ಒಳಗೆ ಹೋಗಬೇಕು, ಐದು ಹಾಡಿನ ಹಜಾರ ದಾಟಿದ ಮೇಲೇ ಹಳೆಯ ಕ್ವೀನ್ ಸಿಗುವುದು. ಎಷ್ಟೋ ಜನ ಅಲ್ಲಿಯವರೆಗೆ ಹೋಗುವುದಿಲ್ಲ. ಮರುಜೋಡಣೆಯ ಆಟಕ್ಕೆ ಇಷ್ಟು ಹುರುಪು ಬಂದದ್ದಕ್ಕೆ ಸೈಡುಗಳು ಮಾಯವಾದದ್ದೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ. ಸಿಡಿ ಪ್ಲೇಯರಿನ ಪ್ರೋಗ್ರಾಂ ಗುಂಡಿ, ಆಮೇಲೆ ಪ್ಲೇಲಿಸ್ಟ್, ಕೆಲಸವನ್ನು ಸಲೀಸು ಮಾಡಿದವು.

ಅಭಿಮಾನಿಗಳ ಕತ್ತರಿ

ಜೋಡಣೆಗಳು ನೂರಾರು ಇರಬಹುದು, ಹಿಂದಿರುವ ಆಸೆಗಳು ಕೆಲವೇ.

ಎಲ್ಲಕ್ಕಿಂತ ಸಾಮಾನ್ಯವಾದದ್ದು ‘ಅಂಡರ್ ಪ್ರೆಷರ್’ ಹಾಡನ್ನು ತಲೆಗೆ ತರುವುದು. ಆಲ್ಬಮ್ಮಿನ ಅತಿ ಒಳ್ಳೆಯ ಹಾಡು ಕೊನೆಯಲ್ಲಿ ಯಾಕೆ ಬಿದ್ದಿರಬೇಕು ಎಂಬ ವಾದ. ಬ್ರಿಟಿಷ್ ಗಾಯಕ ಡೇವಿಡ್ ಬೋವಿ ಜತೆ 1981ರ ಜುಲೈಯಲ್ಲಿ, ಸ್ವಿಟ್ಜರ್ಲೆಂಡಿನ ಮಾಂಟ್ರೂದಲ್ಲಿದ್ದ ತಂಡದ ಸ್ವಂತ ಸ್ಟುಡಿಯೋದಲ್ಲಿ, ಸುಮ್ಮನೆ ಸೇರಿದಾಗ ಹುಟ್ಟಿದ ಹಾಡು ಅದು. ಅಕ್ಟೋಬರ್‌ನಲ್ಲಿ ಸಿಂಗಲ್ ಆಗಿ ಬಂದು ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೇರಿತ್ತು. ಆಲ್ಬಂ ಬರುವ ಹೊತ್ತಿಗೆ ಅದಕ್ಕೆ ಏಳು ತಿಂಗಳು ತುಂಬಿತ್ತು. ಹಳೆಯ ಸಿಂಗಲ್ಲನ್ನು ಬಾಲಕ್ಕೆ ಕಟ್ಟಿದ್ದಾರೆ ಎಂದು ಯಾರಿಗಾದರೂ ಅನ್ನಿಸಿದ್ದರೆ ತಪ್ಪೇನಿಲ್ಲ. ಆದರೆ ಮೊದಲಿಗೆ ತಂದು ನೋಡಿ. ಇಬ್ಬರೂ ಗಾಯಕರು ಪ್ರೀತಿಗೆ ಇನ್ನೊಂದು ಅವಕಾಶ ಕೊಡಲಾಗದೇ ಎಂದು ಬೇಡಿ, ಹಾಡು ಮೆತ್ತಗಾಗಿ, ಚಿಟಿಕೆಯ ಸದ್ದಿನಲ್ಲಿ ಕರಗಿ ಮುಗಿಯುತ್ತದೆ. ಅದು ಮುಗಿತಾಯದ ಮುಗಿತಾಯ. ಅದರ ಬೆನ್ನಿಗೆ ಯಾವ ಹಾಡು ಬಂದರೂ ಊಟ ಮುಗಿಸಿ ಕೈ ತೊಳೆದವರಿಗೆ ಮತ್ತೆ ಎಲೆ ಹಾಕಿದಂತೆ. ಕ್ವೀನ್ ಆಲ್ಬಂ ಅತಿಥಿಯ ದನಿಯಿಂದ ಶುರುವಾಗುವುದೂ ನನಗಂತೂ ಸರಿಬರುವುದಿಲ್ಲ.

ಎರಡನೆಯದು ಶಸ್ತ್ರಚಿಕಿತ್ಸೆ: ‘ಬಾಡಿ ಲ್ಯಾಂಗ್ವೇಜ್’ ಹೊರಗೆ, ‘ಸೋಲ್ ಬ್ರದರ್’ ಒಳಗೆ. ‘ಸೋಲ್ ಬ್ರದರ್’ ‘ಅಂಡರ್ ಪ್ರೆಷರ್’ ಸಿಂಗಲ್ಲಿನ ಹಿಂಬದಿಯಲ್ಲಿದ್ದ ಹಾಡು. ಮರ್ಕ್ಯುರಿ ಕೀರಲಿನ ದನಿಯಲ್ಲಿ ಚರ್ಚಿನ ಗಾಸ್ಪೆಲ್ ಹಾಡುವವರ ಹಾಗೆ ತೇಲುತ್ತಾನೆ, ಕ್ವೀನ್‌ನ ಹಳೆಯ ಹಾಡುಗಳ ಹೆಸರುಗಳನ್ನೇ ಮಾತಿನೊಳಗೆ ತುರುಕಿ ನಗಿಸುತ್ತಾನೆ. ಹಿತವಾದ ಹಾಡು, ಒಪ್ಪಿದೆ. ಇದನ್ನು ಸೇರಿಸುವುದು ಮೋಸವೂ ಅಲ್ಲ, 1981ರಲ್ಲೇ ಅಂಗಡಿಯಲ್ಲಿತ್ತು. ತೊಂದರೆ ಬೇರೆ ಇದೆ. ಆಲ್ಬಮ್ಮಿನಲ್ಲಿ ಈಗಾಗಲೇ ‘ಕೂಲ್ ಕ್ಯಾಟ್’ ಇದೆ, ಅಲ್ಲೂ ಮರ್ಕ್ಯುರಿಯದು ಪೂರ್ತಿ ಕೀರಲು ದನಿ, ಅದೂ ಸಾವಧಾನದ ಹಾಡು. ಎರಡನ್ನೂ ಇಟ್ಟರೆ ಒಂದು ಇನ್ನೊಂದನ್ನು ತಿನ್ನುತ್ತದೆ. ‘ಕೂಲ್ ಕ್ಯಾಟ್’ ತೆಗೆದು ಇದನ್ನು ಇಡುವವರೂ ಇದ್ದಾರೆ. ಅವರ ಜತೆ ನಾನು ವಾದಿಸುವುದಿಲ್ಲ, ಎದ್ದುಹೋಗುತ್ತೇನೆ.

ಇನ್ನೂ ಮುಂದೆ ಹೋಗುವವರು ಆಮೇಲೆ ಬೆಳಕಿಗೆ ಬಂದದ್ದನ್ನೂ ತರುತ್ತಾರೆ. ‘ದೇರ್ ಮಸ್ಟ್ ಬಿ ಮೋರ್ ಟು ಲೈಫ್ ದ್ಯಾನ್ ದಿಸ್’ ಈ ಕಾಲದ ಧ್ವನಿಮುದ್ರಣಗಳಲ್ಲಿ ಹುಟ್ಟಿ, 1985ರಲ್ಲಿ ಮರ್ಕ್ಯುರಿಯ ಸ್ವಂತ ಆಲ್ಬಮ್ಮಿಗೆ ಹೋದ ಹಾಡು. ಮೈಕಲ್ ಜಾಕ್ಸನ್ ದನಿಯಿರುವ ರೂಪ 2014ರಲ್ಲಿ ‘ಕ್ವೀನ್ ಫಾರೆವರ್’ ಸಂಕಲನದಲ್ಲಿ ಹೊರಬಂತು. ಅದನ್ನು 1982ರ ಆಲ್ಬಮ್ಮಿನೊಳಗೆ ಕೂರಿಸಿದರೆ ಕನಸು ಚೆನ್ನಾಗಿದೆ, ಆಟ ಕೆಟ್ಟಿದೆ. ಆ ವರ್ಷ ಮೇ ತಿಂಗಳಲ್ಲಿ ತಂಡದ ಕೈಯಲ್ಲಿ ಮುಗಿದು ನಿಂತಿದ್ದ ಹಾಡುಗಳನ್ನಷ್ಟೇ ಬಳಸಬೇಕು ಎಂಬ ಕಟ್ಟುಪಾಡಿಲ್ಲದಿದ್ದರೆ ಇದು ಮರುಜೋಡಣೆಯಲ್ಲ, ಇಷ್ಟದ ಹಾಡುಗಳ ಪಟ್ಟಿ.

ನನಗೆ ಗೌರವವಿರುವುದು ಎದುರು ದಿಕ್ಕಿಗೆ ಹೋಗುವ ಒಂದು ಸಣ್ಣ ಗುಂಪಿನ ಮೇಲೆ. ಇವರು ರಾಕ್ ಹಾಡುಗಳನ್ನೇ ಹೊರಹಾಕಿ, ಕುಣಿತವನ್ನಷ್ಟೇ ಉಳಿಸಿ, ಆರೇಳು ಹಾಡಿನ ಚಿಕ್ಕ, ನಾಚಿಕೆಯಿಲ್ಲದ ಫಂಕ್ ರೆಕಾರ್ಡ್ ಮಾಡುತ್ತಾರೆ. ಉಳಿದವರೆಲ್ಲ ಬಯಸುವುದು 1977ರ ಕ್ವೀನ್‌ನ ವಾಪಸಾತಿ; ಇವರು ಮಾತ್ರ ತಂಡ 1982ರಲ್ಲಿ ಏನು ಮಾಡಹೊರಟಿತ್ತೋ ಅದನ್ನು ಪೂರ್ತಿ ಮಾಡಿಸುತ್ತಾರೆ. ಕೇಳಿದರೆ ಮಾತ್ರ 20 ನಿಮಿಷದ ಹಳೆಯ ದಣಿವು 25 ನಿಮಿಷಕ್ಕೆ ಬೆಳೆದಿರುತ್ತದೆ.

ಕತ್ತರಿಸಬಾರದ ಗಂಟು

ಈ ಎಲ್ಲ ಜೋಡಣೆಗಳಲ್ಲೂ ಸಾಮಾನ್ಯವಾಗಿ ಬಲಿಯಾಗುವ ಒಂದು ಸಂಗತಿಯಿದೆ. ಗಿಟಾರ್ ಜೋರಾಗಿದೆಯೆಂದು ‘ಪುಟ್ ಔಟ್ ದ ಫೈರ್’ ಹಾಡನ್ನು ಎತ್ತಿ ಎಲ್ಲಾದರೂ ಒಂದು ಕಡೆ ಹಾಕುತ್ತಾರೆ, ಬಹುತೇಕ ಮೊದಲಿಗೆ. ಆ ಹಾಡು ಬಂದೂಕಿನ ಬಗ್ಗೆ, ಬಂದೂಕು ಹಿಡಿದವನ ಬಾಯಿಂದ ಬರುವ ನೆಪಗಳ ಬಗ್ಗೆ. ಮೂಲ ಆಲ್ಬಮ್ಮಿನಲ್ಲಿ ಅದರ ಬೆನ್ನಿಗೇ ಬರುವುದು ‘ಲೈಫ್ ಈಸ್ ರಿಯಲ್’, ಬೀಟಲ್ಸ್‌ನ ಜಾನ್ ಲೆನನ್‌ನ ನೆನಪಿಗೆ ಮರ್ಕ್ಯುರಿ ಬರೆದ ಹಾಡು. ಲೆನನ್ 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಗುಂಡಿಗೆ ಬಲಿಯಾದ. ಮರುದಿನ ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಕ್ವೀನ್ ತನ್ನ ಕಾರ್ಯಕ್ರಮದ ನಡುವೆ ಲೆನನ್‌ನ ‘ಇಮ್ಯಾಜಿನ್’ ಹಾಡಿತ್ತು.

ಬಂದೂಕಿನ ಹಾಡು, ಆಮೇಲೆ ಗುಂಡೇಟು ತಿಂದವನ ನೆನಪಿನ ಹಾಡು. ಮೊದಲನೆಯದು ಮೇ ಬರೆದದ್ದು, ಎರಡನೆಯದು ಮರ್ಕ್ಯುರಿ. ಒಬ್ಬನ ಆಕ್ರೋಶಕ್ಕೆ ಇನ್ನೊಬ್ಬನ ದುಃಖ ಉತ್ತರ ಕೊಡುತ್ತದೆ. ಬೇಕೆಂದೇ ಹಾಗಿಟ್ಟರೋ ತಾನಾಗಿ ಕೂಡಿಬಂತೋ, ಆಲ್ಬಮ್ಮಿನ ಕ್ರಮದಲ್ಲಿ ಬುದ್ಧಿ ಕೆಲಸ ಮಾಡಿದೆ ಎನ್ನಿಸುವ ಜಾಗ ಇದು. ಜೋಡಿಯನ್ನು ಬಿಡಿಸಿದರೆ ಮೊದಲನೆಯದು ಬರೀ ಸದ್ದಿನ ಹಾಡಾಗುತ್ತದೆ, ಎರಡನೆಯದು ಬರೀ ಅನುಕರಣೆ. ಲೆನನ್‌ನ ಪಿಯಾನೋ ಶೈಲಿಯನ್ನು ಅದು ಅಷ್ಟು ಹತ್ತಿರದಿಂದ ಹಿಂಬಾಲಿಸುತ್ತದೆ.

ಕೊನೆಯ ಎರಡಕ್ಕೂ ಇಂಥದೇ ನಂಟಿದೆ. ‘ಕೂಲ್ ಕ್ಯಾಟ್’ ಮರ್ಕ್ಯುರಿ, ಡೀಕನ್ ಕೂಡಿ ಬರೆದದ್ದು. ಅದರಲ್ಲಿ ಬೋವಿಯ ಹಿನ್ನೆಲೆ ದನಿಯೂ ಇತ್ತು. ತನ್ನ ಕೆಲಸ ಹಿಡಿಸದೆ ಅವನೇ ತೆಗೆಸಿದ. ದನಿ ಹೋದರೂ ಹಾಡು ಬೋವಿಯ ಇನ್ನೊಂದು ಹಾಡಿನ ಪಕ್ಕದಲ್ಲೇ ಉಳಿಯಿತು. ಅಂಗಳದಲ್ಲಿ ಕಾಲು ಚಾಚಿ ಕೂತಂಥ ಆ ಸೋಮಾರಿ ಹಾಡು ಕರಗಿ, ಡೀಕನ್‌ನ ಏಳು ಸ್ವರದ ಬೇಸ್ ಎದ್ದುಬರುವ ಕ್ಷಣ ಇಡೀ ಆಲ್ಬಮ್ಮಿನ ಅತಿ ಒಳ್ಳೆಯ ತಿರುವು. ಅದನ್ನು ಮುಟ್ಟಲು ನನಗೆ ಧೈರ್ಯವಿಲ್ಲ.

ನನ್ನ ಜೋಡಣೆ

ಕಟ್ಟುಪಾಡು: ಹನ್ನೊಂದೂ ಇರಬೇಕು, ಹೊರಗಿನದು ಬೇಡ, ಎಲ್‌ಪಿಯ ಒಂದೊಂದು ಸೈಡಿಗೆ ಹಿಡಿಸಬೇಕು, ಮೇಲೆ ಹೇಳಿದ ಎರಡು ಗಂಟುಗಳನ್ನು ಬಿಚ್ಚಬಾರದು.

‘ಸ್ಟೇಯಿಂಗ್ ಪವರ್’ ಮೊದಲಲ್ಲೇ ಇರಲಿ. ಇದಕ್ಕೆ ಬಹಳ ಜನ ತಲೆಯಾಡಿಸುವುದಿಲ್ಲ, ಗೊತ್ತು. ಆದರೆ ಆ ಸಿಂಥ್ ಬೇಸ್, ಚುಚ್ಚುವ ತುತ್ತೂರಿ, ಉಸಿರುಗಟ್ಟಿದ ಹಾಗೆ ಹಾಡುವ ಮರ್ಕ್ಯುರಿ ಸೇರಿ ನಾಲ್ಕು ನಿಮಿಷ ಬಾಗಿಲನ್ನು ಒದ್ದು ತೆರೆಯುತ್ತಾರೆ. ಹೊಸದೇನೋ ನಡೆಯುತ್ತಿದೆ ಎಂದು ಸಾರುವ ಹಾಡು ಮೊದಲಿಗಿರುವುದೇ ಸರಿ. ತಪ್ಪಾದದ್ದು ಎರಡನೇ ಹಾಡಿನಿಂದ. ಅಲ್ಲಿ ಎರಡನೇ ಸೈಡಿನ ಮೊದಲ ಮೂರು ಹಾಡುಗಳನ್ನು ಕಟ್ಟಿಗೆ ಕಟ್ಟಾಗಿ ತಂದು ಇಡಿ: ಪುಟ್ ಔಟ್ ದ ಫೈರ್, ಲೈಫ್ ಈಸ್ ರಿಯಲ್, ಕಾಲಿಂಗ್ ಆಲ್ ಗರ್ಲ್ಸ್. ತುತ್ತೂರಿಯ ಬೆನ್ನಿಗೆ ಗಿಟಾರ್ ಬಂದು ಬೀಳುತ್ತದೆ, ಅದರ ಬೆನ್ನಿಗೆ ಪಿಯಾನೋ, ಆಮೇಲೆ ಟೇಲರ್‌ನ ಹಗುರ ಹಾಡು. ನಾಲ್ಕೇ ಹಾಡಿನಲ್ಲಿ ತಂಡಕ್ಕೆ ಬರುವ ಎಲ್ಲ ವಿದ್ಯೆಯೂ ಕಿವಿಗೆ ಬಿದ್ದಿರುತ್ತದೆ.

ಈಗ ‘ಬ್ಯಾಕ್ ಚಾಟ್’. ಒಂದೇ ಒಂದು ಜಾಗ ಬದಲಾದದ್ದಕ್ಕೆ ಹಾಡು ಎಷ್ಟು ಬದಲಾಗುತ್ತದೆ ಎಂದು ನೋಡಬೇಕಿದ್ದರೆ ಇಲ್ಲಿ ಕೇಳಿ. ಮೂರು ಹಾಡು ಕುಣಿತವಿಲ್ಲದೆ ಕಳೆದ ಮೇಲೆ ಆ ಲಯ ಹಸಿದವನಿಗೆ ಸಿಕ್ಕ ಹಾಗೆ ಸಿಗುತ್ತದೆ. ಡೀಕನ್ ಜತೆ ಹಟ ಹಿಡಿದು ಮೇ ಉಳಿಸಿಕೊಂಡ ಗಿಟಾರ್ ಕೂಡ ಈಗ ನುಸುಳುಕೋರನಂತೆ ಕೇಳುವುದಿಲ್ಲ. ಅದೇ ಗಿಟಾರನ್ನು ಆಗಲೇ ‘ಪುಟ್ ಔಟ್ ದ ಫೈರ್’ನಲ್ಲಿ ಕೇಳಿ ಬಂದಿರುತ್ತೇವೆ.

‘ಡ್ಯಾನ್ಸರ್’ ಮತ್ತು ‘ಬ್ಯಾಕ್ ಚಾಟ್’ ಜಾಗ ಅದಲುಬದಲಾಗಿ, ‘ಡ್ಯಾನ್ಸರ್’ ಮೊದಲ ಸೈಡಿನ ಕೊನೆಗೆ ಹೋಗುತ್ತದೆ. ಇದಕ್ಕೆ ಸಣ್ಣ ಕಾರಣವೊಂದಿದೆ. ಆ ಹಾಡಿನ ಬಾಲದಲ್ಲಿ ಫೋನು ರಿಂಗಾಗಿ, ಜರ್ಮನ್ ಭಾಷೆಯ ದನಿಯೊಂದು ಶುಭೋದಯ ಹೇಳಿ, ಎಬ್ಬಿಸಲು ಕೇಳಿದ್ದಿರಲ್ಲ ಎನ್ನುತ್ತದೆ. ಮ್ಯೂನಿಕ್‌ನ ಹೋಟೆಲ್ ಬದುಕಿನ ಒಂದು ತುಣುಕು. ಆಲ್ಬಮ್ಮಿನ ಬಹುಪಾಲು ಕೆಲಸ ಆ ಊರಿನ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋದಲ್ಲೂ ಮಾಂಟ್ರೂದಲ್ಲೂ ನಡೆದಿತ್ತು. ಮೂಲದಲ್ಲಿ ಈ ಕರೆ ಎರಡು ಹಾಡಿನ ನಡುವೆ ಸಿಕ್ಕಿ ಹಾಸ್ಯವೂ ಆಗದೆ ಅರ್ಥವೂ ಆಗದೆ ಕಳೆದುಹೋಗುತ್ತದೆ. ಸೈಡಿನ ಕೊನೆಯಲ್ಲಿದ್ದರೆ, ಎದ್ದು ತಟ್ಟೆ ತಿರುವಯ್ಯಾ ಎಂದು ಕೇಳುಗನಿಗೇ ಹೇಳಿದ ಹಾಗಾಗುತ್ತದೆ. ಮೊದಲ ಸೈಡ್ ಸುಮಾರು 23 ನಿಮಿಷ, ಮೂಲದ ಎರಡನೇ ಸೈಡಿನಷ್ಟೇ.

ಎರಡನೇ ಸೈಡಿಗೆ ಉಳಿದ ಐದು, ಮೂಲದ ಕ್ರಮದಲ್ಲೇ: ಬಾಡಿ ಲ್ಯಾಂಗ್ವೇಜ್, ಆಕ್ಷನ್ ದಿಸ್ ಡೇ, ಲಾಸ್ ಪಲಾಬ್ರಾಸ್ ದೆ ಅಮೋರ್, ಕೂಲ್ ಕ್ಯಾಟ್, ಅಂಡರ್ ಪ್ರೆಷರ್. ಸುಮಾರು 20 ನಿಮಿಷ. ಬಿಸಿಯಿಂದ ಶುರುವಾಗಿ ಮೆಲ್ಲಗೆ ತಣಿಯುವ ದಾರಿ. ‘ಲಾಸ್ ಪಲಾಬ್ರಾಸ್’ ಇಲ್ಲಿ ಗೆದ್ದಿತು ಎನ್ನಬೇಕು. 1981ರಲ್ಲಿ ದಕ್ಷಿಣ ಅಮೆರಿಕದ ಕ್ರೀಡಾಂಗಣಗಳಲ್ಲಿ ಸಿಕ್ಕ ಪ್ರೀತಿಗೆ ಮೇ ಕೊಟ್ಟ ಮರುಉತ್ತರ ಆ ಹಾಡು. ಮೂಲದಲ್ಲಿ ಅದು ಹಳೆಯ ರೀತಿಯ ಹಾಡುಗಳ ಸಾಲಿನಲ್ಲಿ ನಾಲ್ಕನೆಯದು; ಇಲ್ಲಿ ಎರಡು ಒಣ, ಯಂತ್ರದಂಥ ಹಾಡುಗಳಾದ ಮೇಲೆ ತುಂಬಿದ ಗಂಟಲಿನ ಹಾಡಾಗಿ ಬರುತ್ತದೆ.

ಜರುಗಿಸಿದರೂ ಜರುಗದ್ದು

ಈ ಜೋಡಣೆಯಲ್ಲಿ ಹುಳುಕಿಲ್ಲವೆಂದಲ್ಲ. ‘ಸ್ಟೇಯಿಂಗ್ ಪವರ್’ನಿಂದ ‘ಪುಟ್ ಔಟ್ ದ ಫೈರ್’ಗೆ ದಾಟುವಾಗ ಒಂದು ಜರ್ಕು ಹೊಡೆಯುತ್ತದೆ. ಎರಡೂ ಬೇರೆ ಬೇರೆ ಕೋಣೆಯಲ್ಲಿ ನುಡಿಸಿದ ಹಾಗಿವೆ: ಒಂದರಲ್ಲಿ ಗಾಳಿಯೇ ಇಲ್ಲ, ಇನ್ನೊಂದರಲ್ಲಿ ಗೋಡೆಯೇ ಇಲ್ಲ. ಇದನ್ನು ಯಾವ ಕ್ರಮವೂ ಮುಚ್ಚಲಾರದು, ಯಾಕೆಂದರೆ ದೋಷ ಹಾಡಿನಲ್ಲೂ ಇಲ್ಲ, ಜಾಗದಲ್ಲೂ ಇಲ್ಲ, ಧ್ವನಿಮುದ್ರಣದಲ್ಲಿದೆ. ರೋಜರ್ ಟೇಲರ್‌ನಂಥ ಡ್ರಮ್ಮರನ್ನು ಪಕ್ಕದಲ್ಲಿಟ್ಟುಕೊಂಡು ಯಂತ್ರದ ಕೈಗೆ ತಾಳ ಕೊಟ್ಟ ನಿರ್ಧಾರವದು.

ಅದಕ್ಕೆ ಪುರಾವೆ ತಂಡವೇ ಕೊಟ್ಟಿದೆ. 1982ರ ಜೂನ್ 5ರಂದು, ಆಲ್ಬಂ ಬಂದು ಎರಡು ವಾರ ಕಳೆದಿದ್ದಾಗ, ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಬೌಲ್‌ನ ತೆರೆದ ಮೈದಾನದಲ್ಲಿ ಕ್ವೀನ್ ಹಾಡಿತು. ಹೊಸ ಹಾಡುಗಳಿಗೆ ಮುಂಚೆ ಮರ್ಕ್ಯುರಿ ಜನರತ್ತ ತಿರುಗಿ, ನಾವು ರಾಕ್ ಬಿಟ್ಟಿಲ್ಲ, ಇದು ಬರೀ ಒಂದು ರೆಕಾರ್ಡ್, ಅದಕ್ಕೆ ಯಾಕಿಷ್ಟು ತಲೆ ಬಿಸಿ ಎಂಬರ್ಥದಲ್ಲಿ ರೇಗಿಸಿಯೂ ರೇಗಿಯೂ ಮಾತಾಡಿದ. ಆಮೇಲೆ ಬಂದ ‘ಸ್ಟೇಯಿಂಗ್ ಪವರ್’ ಎಲ್‌ಪಿಯಲ್ಲಿ ಇದ್ದದ್ದಲ್ಲ. ತುತ್ತೂರಿ ಇಲ್ಲ, ಎರಡು ಗಿಟಾರ್, ಹಿಂದೆ ಟೇಲರ್ ಮೈಮೇಲೆ ಬಂದವನಂತೆ ಬಾರಿಸುತ್ತಾನೆ. ‘ಆಕ್ಷನ್ ದಿಸ್ ಡೇ’ ವೇಗ ಹೆಚ್ಚಿಸಿಕೊಂಡು ಹಲ್ಲು ಬಂದ ಹಾಡಾಗಿದೆ. ‘ಬ್ಯಾಕ್ ಚಾಟ್’ನಲ್ಲಿ ಮೇ ಕೊನೆಗೂ ತನಗೆ ಬೇಕಾದಷ್ಟು ಹೊತ್ತು ನುಡಿಸುತ್ತಾನೆ. ಈ ಕಾರ್ಯಕ್ರಮ 2004ರಲ್ಲಿ ‘ಕ್ವೀನ್ ಆನ್ ಫೈರ್’ ಎಂಬ ಹೆಸರಲ್ಲಿ ಪೂರ್ಣ ರೂಪದಲ್ಲಿ ಹೊರಬಂದ ಮೇಲೆ ಮರುಜೋಡಣೆಯ ಆಟಕ್ಕೆ ಹೊಸ ದಾರಿ ತೆರೆಯಿತು: ಸ್ಟುಡಿಯೋ ಹಾಡು ತೆಗೆದು ಮೈದಾನದ ಹಾಡು ಹಾಕುವುದು. 2011ರ ಮರುಬಿಡುಗಡೆಯ ಜತೆ ಕೊಟ್ಟ ಹೆಚ್ಚುವರಿ ತಟ್ಟೆಯಲ್ಲೂ ಮಿಲ್ಟನ್ ಕೀನ್ಸ್‌ನ ‘ಸ್ಟೇಯಿಂಗ್ ಪವರ್’, 1982ರ ನವೆಂಬರ್‌ನಲ್ಲಿ ಟೋಕಿಯೋದಲ್ಲಿ ಹಾಡಿದ ‘ಆಕ್ಷನ್ ದಿಸ್ ಡೇ’, ‘ಕಾಲಿಂಗ್ ಆಲ್ ಗರ್ಲ್ಸ್’ ಸೇರಿದವು. ಜತೆಗೆ ‘ಸೋಲ್ ಬ್ರದರ್’ ಕೂಡ. ಮೂಲ ಆಲ್ಬಮ್ಮಿನ ಕ್ರಮವನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ನಾನು ಈ ದಾರಿ ಹಿಡಿಯಲಿಲ್ಲ. ಮೈದಾನದ ಜನರ ಕೂಗು ಸ್ಟುಡಿಯೋ ಹಾಡಿನ ಪಕ್ಕ ಕೂರುವುದಿಲ್ಲ, ಜೂನ್ ತಿಂಗಳ ಹಾಡು ಮೇ ತಿಂಗಳ ಆಲ್ಬಮ್ಮಿಗೆ ಸೇರುವುದೂ ಇಲ್ಲ. ಆದರೆ ‘ಹಾಟ್ ಸ್ಪೇಸ್’ ಹಾಡುಗಳೇ ಕೆಟ್ಟವು ಎನ್ನುವವರಿಗೆ ಆ ಮೂರು ಹಾಡು ಕೇಳಿಸಿದರೆ ವಾದ ಅಲ್ಲಿಗೆ ಮುಗಿಯುತ್ತದೆ.

‘ಬಾಡಿ ಲ್ಯಾಂಗ್ವೇಜ್’ ಬಗ್ಗೆ ಹೇಳುವುದು ಉಳಿಯಿತು. ಬಿಸಿ ಉಸಿರು, ತೆಳ್ಳನೆಯ ಸಿಂಥ್ ಬೇಸ್, ಎಲ್ಲಿಗೂ ಹೋಗದ ನಾಲ್ಕೂವರೆ ನಿಮಿಷ. ಮೊದಲ ಸೈಡಿನಲ್ಲಿ ಬಚ್ಚಿಡಲು ನೋಡಿದೆ, ‘ಕೂಲ್ ಕ್ಯಾಟ್’ ಮುಂದೆ ಇಟ್ಟು ನೋಡಿದೆ. ಎಲ್ಲಿಟ್ಟರೂ ಪಕ್ಕದ ಹಾಡಿನ ಜೀವ ಹೀರುತ್ತದೆ. ಎರಡನೇ ಸೈಡಿನ ಮೊದಲಲ್ಲಿ ಇಟ್ಟದ್ದಕ್ಕೆ ಸಂಗೀತದ ಕಾರಣಕ್ಕಿಂತ ಅನುಕೂಲದ ಕಾರಣವೇ ಹೆಚ್ಚು: ತಟ್ಟೆ ತಿರುವಿದವನು ಹೇಗೂ ಸೂಜಿ ಇಡಬೇಕು, ಬೇಡವೆನ್ನಿಸಿದರೆ ಒಂದು ಗೆರೆ ಒಳಗೆ, ‘ಆಕ್ಷನ್ ದಿಸ್ ಡೇ’ ಮೇಲೇ ಇಟ್ಟುಬಿಡಬಹುದು.